57 ಸುರಂಗ, ಒಂದು ಸಂಕ

ಪ್ರತಿವರ್ಷ ಸೆಪ್ಟೆಂಬರ್ 15ರಂದು, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ದಿನ, ನಾವು ಎಂಜಿನಿಯರುಗಳ ದಿನ ಆಚರಿಸುತ್ತೇವೆ. ಅಂದಿನ ಭಾಷಣಗಳಲ್ಲಿ ಕನ್ನಂಬಾಡಿ ಕಟ್ಟೆ ಬರುತ್ತದೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬರುತ್ತದೆ, 1908ರ ಮೂಸಿ ನದಿಯ ನೆರೆಯ ನಂತರ ಹೈದರಾಬಾದಿಗೆ ಅವರು ಹಾಕಿಕೊಟ್ಟ ಯೋಜನೆ ಬರುತ್ತದೆ. ಬರಬೇಕಾದದ್ದೇ. ಆದರೆ ಹೀಗೆ ಕೇಳುತ್ತಾ ಕೇಳುತ್ತಾ, ದೇಶ ಕಟ್ಟುವುದೆಂದರೆ ಬಹಳ ದೊಡ್ಡದೇನನ್ನೋ ಕಟ್ಟುವುದು ಎಂಬ ಭಾವನೆ ನಮ್ಮಲ್ಲಿ ಕೂತುಬಿಟ್ಟಿದೆ. ಸುಬ್ರಹ್ಮಣ್ಯದ ಸುತ್ತಮುತ್ತ ಬೆಳೆದ ನನಗೆ ಈ ಚರಿತ್ರೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಇಲ್ಲಿ ಎಂಜಿನಿಯರುಗಳು ಹತ್ತು ವರ್ಷಗಳ ಅಂತರದಲ್ಲಿ ಎರಡು ಬಗೆಯ ದಾರಿ ಮಾಡಿಕೊಟ್ಟರು. ಒಂದು ಘಟ್ಟ ಇಳಿಯುವುದಕ್ಕೆ, ಇನ್ನೊಂದು ಹೊಳೆ ದಾಟುವುದಕ್ಕೆ.

ಮೊದಲು ಘಟ್ಟದ ಕತೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಸುಬ್ರಹ್ಮಣ್ಯ ಮದರಾಸು ರಾಜ್ಯದಲ್ಲಿತ್ತು, ಘಟ್ಟದ ಮೇಲಿನ ಸಕಲೇಶಪುರ ಮೈಸೂರು ರಾಜ್ಯದಲ್ಲಿತ್ತು. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು, ಆದರೆ ಅದು ಕೇರಳದ ಕರಾವಳಿಯ ಮೂಲಕ ಬಂದದ್ದು. ಮಂಗಳೂರಿನವರು ರೈಲಿನಲ್ಲೇ ಬೆಂಗಳೂರಿಗೆ ಹೋಗಬೇಕೆಂದರೆ ಶೋರನೂರು, ಪಾಲಕ್ಕಾಡು, ಜೋಲಾರಪೇಟೆ ಎಂದು ಅರ್ಧ ದಕ್ಷಿಣ ಭಾರತ ಸುತ್ತಬೇಕಿತ್ತು. ಏಕೀಕರಣದ ನಂತರ ಕರಾವಳಿಯೂ ಬಯಲುಸೀಮೆಯೂ ಒಂದೇ ರಾಜ್ಯವಾದವು. 1974ರಲ್ಲಿ ನವಮಂಗಳೂರು ದೊಡ್ಡ ಬಂದರೆಂದು ಘೋಷಣೆಯಾಯಿತು. ಬಂದರಿಗೆ ಒಳನಾಡಿನ ಸಂಪರ್ಕ ಬೇಕು. ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗ 1960ರ ದಶಕದಲ್ಲಿ ಶುರುವಾಗಿ, ತುಂಡು ತುಂಡಾಗಿ ಮುಗಿಯುತ್ತಾ ಬಂದು, 1979ರಲ್ಲಿ ಪೂರ್ಣವಾಯಿತು.

ಇದರಲ್ಲಿ ಅತಿ ಕಷ್ಟದ ಭಾಗ ಸಕಲೇಶಪುರದಿಂದ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರು. ಇಷ್ಟರೊಳಗೆ ರೈಲು ಸುಮಾರು 800 ಮೀಟರ್ ಕೆಳಗಿಳಿಯಬೇಕು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ, ಆದ್ದರಿಂದ ಲಾರಿ ಇಳಿಯುವ ಕಡಿದಾದ ಇಳಿಜಾರಿನಲ್ಲಿ ರೈಲು ಇಳಿಯಲಾರದು. ಇಲ್ಲಿ ನಿಗದಿಯಾದ ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮಾತ್ರ ಕೆಳಗೆ. ಲೆಕ್ಕ ಹಾಕಿ ನೋಡಿ: 800 ಮೀಟರ್ ಇಳಿಯಲು ಕನಿಷ್ಠ 40 ಕಿಲೋಮೀಟರ್ ಹಳಿ ಬೇಕು. ಹಾಗಾಗಿ ಘಟ್ಟದಲ್ಲಿ ರೈಲ್ವೆ ಎಂಜಿನಿಯರು ದಾರಿಯನ್ನು ಬೇಕೆಂದೇ ಉದ್ದ ಮಾಡುತ್ತಾನೆ. ಬೆಟ್ಟದ ಮೈಗೆ ಅಂಟಿಕೊಂಡು ಸುತ್ತಿ ಬಳಸುತ್ತಾನೆ. ಅಡ್ಡ ಬಂದ ಬೆಟ್ಟಕ್ಕೆ ಸುರಂಗ, ಅಡ್ಡ ಬಂದ ಕಣಿವೆಗೆ ಸೇತುವೆ. ಹೀಗೆ ಈ ದಾರಿಯಲ್ಲಿ 57 ಸುರಂಗಗಳೂ 109 ಸೇತುವೆಗಳೂ ಆದವು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ನಿಲ್ದಾಣಗಳು ಕಾಡಿನ ನಡುವೆ ತಲೆಯೆತ್ತಿದವು.

ಮುಂದೆ 1996ರಲ್ಲಿ ಬ್ರಾಡ್ ಗೇಜ್ ಪರಿವರ್ತನೆಗೆಂದು ಈ ಮಾರ್ಗ ಮುಚ್ಚಿತು. 1000 ಮಿಲಿಮೀಟರಿನ ಹಳಿ 1676 ಮಿಲಿಮೀಟರಿಗೆ ಅಗಲವಾಗಬೇಕಿತ್ತು. ಅಷ್ಟಕ್ಕೆ ಹತ್ತು ವರ್ಷ ಹಿಡಿಯಿತು. 2006ರಲ್ಲಿ ಗೂಡ್ಸ್ ಗಾಡಿ ಓಡಿತು. ಪ್ರಯಾಣಿಕರ ಗಾಡಿ ಬಂದದ್ದು 2007ರ ಡಿಸೆಂಬರಿನಲ್ಲಿ. ಮೊದಲು ಸರಕು, ಆಮೇಲೆ ಜನ. ಬಂದರಿಗಾಗಿ ಹುಟ್ಟಿದ ದಾರಿಗೆ ಈ ಕ್ರಮ ಸಹಜವೇ.

ಈಗ ಹೊಳೆಯ ಕತೆಗೆ ಬರುತ್ತೇನೆ. ಕುಮಾರಧಾರೆ ಸುಬ್ರಹ್ಮಣ್ಯವನ್ನು ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಪಯಸ್ವಿನಿ ಸುಳ್ಯದ ಮೂಲಕ ಕಾಸರಗೋಡಿನತ್ತ ಹರಿಯುತ್ತದೆ. ಇವೆರಡಕ್ಕೂ ಸೇರುವ ಹಳ್ಳತೋಡುಗಳಿಗೆ ಲೆಕ್ಕವಿಲ್ಲ. ನಮ್ಮಲ್ಲಿ ಊರೆಂದರೆ ಒಂದೇ ಕಡೆ ಗುಂಪಾಗಿರುವ ಮನೆಗಳಲ್ಲ. ತೋಟಕ್ಕೊಂದು ಮನೆ, ಎರಡು ಮನೆಗಳ ನಡುವೆ ಒಂದು ತೋಡು. ಮಳೆಗಾಲಕ್ಕೆ ಮುಂಚೆ ನಾಲ್ಕು ಅಡಿಕೆ ಮರ ಕಡಿದು ಅಡ್ಡ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟಿದರೆ ಅದೇ ಸಂಕ. ಆಟಿ ತಿಂಗಳ ಕೆಂಪು ನೀರು ಬಂದಾಗ ಅದೂ ಹೋಗುತ್ತಿತ್ತು. ದೊಡ್ಡ ಹೊಳೆಯಾದರೆ ದೋಣಿ, ನೀರು ಏರಿದರೆ ದೋಣಿಯೂ ಇಲ್ಲ. ಬಸುರಿಯರನ್ನೂ ಜ್ವರ ಬಂದವರನ್ನೂ ಈಚೆ ದಡಕ್ಕೆ ತರಲಾಗದೆ, ನೀರು ಇಳಿಯಲೆಂದು ಕಾಯುವ ಮನೆಗಳಿದ್ದವು.

ರೈಲು ಬಂದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ನೆಟ್ಟಣಕ್ಕೆ ಹೋಗಿ ರೈಲು ನೋಡುವ ಎಂದು ದೊಡ್ಡಪ್ಪನಿಗೆ ದುಂಬಾಲು ಬಿದ್ದಿದ್ದೆ. ಅವರು ಎಲೆಯಡಿಕೆ ಜಗಿಯುತ್ತಾ, "ರೈಲು ನೋಡ್ಲಿಕ್ಕೆ ಹೋಗ್ಬೇಕಾದ್ರೂ ಮೊದಲು ಈ ಹೊಳೆ ದಾಟ್ಬೇಕಲ್ಲ ಮಾರಾಯ" ಎಂದಿದ್ದರು. ಆಗ ನನಗೆ ನಿರಾಸೆಯಾಗಿತ್ತು ಅಷ್ಟೆ. ಚರಿತ್ರೆ ಓದತೊಡಗಿದ ಮೇಲೆ ಆ ಮಾತಿನ ತೂಕ ತಿಳಿಯಿತು. 109 ಸೇತುವೆಗಳನ್ನು ಕಟ್ಟಿದ ದೇಶದಲ್ಲೇ, ಆ ಸೇತುವೆಗಳಿಂದ ಕೂಗಳತೆಯ ದೂರದಲ್ಲೇ, ಮಕ್ಕಳು ಮಳೆಗಾಲದಲ್ಲಿ ಶಾಲೆ ಬಿಡುತ್ತಿದ್ದರು. ಇದರಲ್ಲಿ ರೈಲ್ವೆ ಎಂಜಿನಿಯರುಗಳ ದೋಷವೇನೂ ಇಲ್ಲ. ಅವರ ಮುಂದೆ ಇಟ್ಟದ್ದು ಘಟ್ಟದ ಪ್ರಶ್ನೆ, ಅದಕ್ಕೆ ಅವರು ಉತ್ತರ ಕೊಟ್ಟರು. ಹೊಳೆಯ ಪ್ರಶ್ನೆಯನ್ನು ಯಾರೂ ಅವರ ಮುಂದೆ ಇಟ್ಟಿರಲಿಲ್ಲ.

ಅದನ್ನು ಕೈಗೆತ್ತಿಕೊಂಡವರು ಸುಳ್ಯದ ಗಿರೀಶ್ ಭಾರದ್ವಾಜ್. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಊರಿಗೆ ಮರಳಿ ವರ್ಕ್‌ಶಾಪ್ ನಡೆಸುತ್ತಿದ್ದವರು. ಸೇತುವೆ ಕಟ್ಟುವುದು ಅವರು ಓದಿದ ವಿಷಯವೇ ಆಗಿರಲಿಲ್ಲ. 1989ರಲ್ಲಿ ಸುಳ್ಯದ ಹತ್ತಿರದ ಅರಂಬೂರಿನವರ ಕೋರಿಕೆಯ ಮೇರೆಗೆ ಪಯಸ್ವಿನಿಗೆ ತೂಗುಸೇತುವೆ ಕಟ್ಟಿಕೊಟ್ಟರು.

ತೂಗುಸೇತುವೆಯ ತತ್ವ ಸರಳ. ಎರಡೂ ದಡದಲ್ಲಿ ಗೋಪುರದಂಥ ಕಂಬಗಳು. ಅವುಗಳ ಮೇಲೆ ಹಾದುಹೋಗುವ ದಪ್ಪ ಉಕ್ಕಿನ ಹಗ್ಗಗಳು. ಹಗ್ಗದ ತುದಿಗಳನ್ನು ದಡದ ಹಿಂದೆ ನೆಲದೊಳಗಿನ ಕಾಂಕ್ರೀಟಿಗೆ ಬಿಗಿದಿರುತ್ತಾರೆ. ಹಗ್ಗದಿಂದ ಇಳಿಬಿಟ್ಟ ಸರಳುಗಳಿಗೆ ನಡೆಯುವ ಹಲಗೆಯ ದಾರಿ. ನಮ್ಮ ಹೊಳೆಗೆ ಇದು ಹೇಳಿ ಮಾಡಿಸಿದ ಉಪಾಯ, ಏಕೆಂದರೆ ನಡುನೀರಿನಲ್ಲಿ ಕಂಬವೇ ಬೇಡ. ನೆರೆಯಲ್ಲಿ ತೇಲಿಬರುವ ಮರದ ದಿಮ್ಮಿಗಳು ಬಡಿಯುವುದು ಆ ಕಂಬಗಳಿಗೇ ತಾನೆ? ಕಾಂಕ್ರೀಟ್ ಸೇತುವೆಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ, ಕೆಲಸ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಲಾರಿ, ಜೀಪು ಹೋಗಲಾರವು ನಿಜ. ಆದರೆ ತಲೆಹೊರೆ ಹೊತ್ತವರು, ಚೀಲ ಹಾಕಿಕೊಂಡ ಮಕ್ಕಳು, ರೋಗಿಯನ್ನು ಕುರ್ಚಿಯಲ್ಲಿ ಎತ್ತಿಕೊಂಡವರು ಕಾಲು ಒದ್ದೆಯಾಗದೆ ದಾಟಬಹುದು.

ಅರಂಬೂರಿನ ಸುದ್ದಿ ಊರಿಂದೂರಿಗೆ ಹಬ್ಬಿತು. ಭಾರದ್ವಾಜರು ಕರ್ನಾಟಕ, ಕೇರಳ, ತೆಲಂಗಾಣ, ಒಡಿಶಾಗಳಲ್ಲಿ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಪ್ರಶಸ್ತಿಗಿಂತಲೂ ನನಗೆ ಮುಖ್ಯವೆನಿಸುವುದು ಬೇರೊಂದು. ಒಬ್ಬ ಎಂಜಿನಿಯರು ತನ್ನ ಊರಿನಲ್ಲೇ ಉಳಿದು, ತನ್ನ ಊರಿನ ಹೊಳೆಯನ್ನೇ ಸಮಸ್ಯೆಯೆಂದು ಗುರುತಿಸಿದ. ಅದಕ್ಕೆ ಸಿಕ್ಕ ಉತ್ತರ ಒಡಿಶಾದ ಊರುಗಳಿಗೂ ಉಪಯೋಗಕ್ಕೆ ಬಂತು.

ಹಾಗೆಂದು ರೈಲನ್ನು ಕಡೆಗಣಿಸುವಂತಿಲ್ಲ. ಇಂದು ಕಡಬ, ಸುಳ್ಯದ ಎಷ್ಟೋ ಮಕ್ಕಳು ನೆಟ್ಟಣದಲ್ಲಿ ರಾತ್ರಿ ರೈಲು ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಕೆಲಸಕ್ಕೆ ಹಾಜರಾಗುತ್ತಾರೆ. ಎರಡು ದಾರಿಗಳಿಗೂ ಶತ್ರು ಒಂದೇ, ನಮ್ಮ ಮಳೆ. 2018ರ ಆಗಸ್ಟಿನಲ್ಲಿ ಘಟ್ಟದ ಹಳಿಯುದ್ದಕ್ಕೂ ಹಲವೆಡೆ ಗುಡ್ಡ ಜರಿದು ರೈಲು ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಗೆ ಎಡಕುಮೇರಿ-ಕಡಗರವಳ್ಳಿ ನಡುವೆ ಮತ್ತೆ ಮಣ್ಣು ಕುಸಿಯಿತು. ಆಗ ಸುರಿಮಳೆಯಲ್ಲಿ ದಿನರಾತ್ರಿ ದುಡಿದು ಹಳಿಯನ್ನು ನಿಲ್ಲಿಸಿದ ಎಂಜಿನಿಯರುಗಳ, ಕೂಲಿಗಳ ಹೆಸರು ಯಾವ ಭಾಷಣದಲ್ಲೂ ಬರುವುದಿಲ್ಲ. ತೂಗುಸೇತುವೆಯದೂ ಅದೇ ಕತೆ. ವರ್ಷಕ್ಕೊಮ್ಮೆ ಬೋಲ್ಟು ಬಿಗಿಯದಿದ್ದರೆ, ಹಗ್ಗಕ್ಕೆ ತುಕ್ಕು ಹಿಡಿಯದಂತೆ ನೋಡದಿದ್ದರೆ ಅದು ಉಳಿಯದು.

ಕುಕ್ಕೆಯ ಚಂಪಾಷಷ್ಠಿ ರಥವನ್ನು ನೋಡಿದವರಿಗೆ ಇದು ಹೊಸದಲ್ಲ. ಮಲೆಕುಡಿಯರು ಕಾಡಿನಿಂದ ಬೆತ್ತ ತಂದು, ಹಗ್ಗ ಬಳಸದೆ, ಪ್ರತಿವರ್ಷ ಆ ರಥವನ್ನು ಹೊಸದಾಗಿ ಕಟ್ಟುತ್ತಾರೆ. ಹೋದ ವರ್ಷ ಕಟ್ಟಿದ್ದೇವಲ್ಲ ಎಂದು ಯಾರೂ ಸುಮ್ಮನೆ ಕೂರುವುದಿಲ್ಲ.

ಇದನ್ನು ಓದುವ ವಿದ್ಯಾರ್ಥಿಗಳಿಗೆ ಒಂದು ಮಾತು. ಮುಂದಿನ ಎಂಜಿನಿಯರುಗಳ ದಿನಕ್ಕೆ ಪ್ರಬಂಧ ಬರೆಯುವುದಿದ್ದರೆ ಕನ್ನಂಬಾಡಿಯ ಬಗ್ಗೆ ಖಂಡಿತ ಬರೆಯಿರಿ. ಜೊತೆಗೆ ನಿಮ್ಮ ಊರಿನ ಸಣ್ಣ ಸೇತುವೆಯ ಹತ್ತಿರ ಹೋಗಿ, ಅದನ್ನು ಕಟ್ಟಿದವರು ಯಾರು, ಅದಕ್ಕೆ ಮೊದಲು ಜನ ಹೇಗೆ ದಾಟುತ್ತಿದ್ದರು ಎಂದು ವಯಸ್ಸಾದವರನ್ನು ಕೇಳಿ. ಸುರಂಗಗಳ ಲೆಕ್ಕ ರೈಲ್ವೆಯ ಕಡತದಲ್ಲಿ ಭದ್ರವಾಗಿದೆ. ಸಂಕದ ಲೆಕ್ಕ ಇರುವುದು ಆ ಹಿರಿಯರ ನೆನಪಿನಲ್ಲಿ ಮಾತ್ರ, ಮತ್ತು ಅವರಲ್ಲಿ ಅನೇಕರು ಈಗಾಗಲೇ ಎಂಬತ್ತು ದಾಟಿದ್ದಾರೆ.