ಹದವರಿತ ಕಾಯಕ

ರೋಣ, ನರಗುಂದ, ಗಜೇಂದ್ರಗಡ ಎಂಬ ಹೆಸರುಗಳನ್ನು ಕೇಳಿದೊಡನೆ ಇತಿಹಾಸವನ್ನು ಓದಿದವರಿಗೆ ಕೋಟೆ, ಕಾಳಗ, ಒಡಂಬಡಿಕೆಗಳು ನೆನಪಿಗೆ ಬರುವುದು ಸಹಜ. 1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ನಡೆದ ಒಪ್ಪಂದವು ಗಜೇಂದ್ರಗಡದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1858ರಲ್ಲಿ ಆಂಗ್ಲರ ವಿರುದ್ಧ ಬಂಡೆದ್ದು ಗಲ್ಲಿಗೇರಿದ ಬಾಬಾಸಾಹೇಬ ಭಾವೆಯವರ ನರಗುಂದವನ್ನು ಅರಿಯದ ಕನ್ನಡಿಗರು ವಿರಳ. ರೋಣ ಸೀಮೆಯ ಸೂಡಿಯು 11ನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಚಾಲುಕ್ಯ ರಾಜಪುತ್ರಿ ಅಕ್ಕಾದೇವಿಯನ್ನು ನೆನಪಿಸುತ್ತದೆ. ಆದರೆ ಒಂದು ನಾಡಿನ ಇತಿಹಾಸವು ಇಷ್ಟಕ್ಕೆ ಮುಗಿಯುವುದಿಲ್ಲ. ಅಲ್ಲಿಯ ಒಕ್ಕಲಿಗನು, ನೇಕಾರನು, ಗೃಹಿಣಿಯು ತಮಗೆ ದೊರೆತ ದಿನಗಳನ್ನು ಹೇಗೆ ಬಳಸಿಕೊಂಡರು ಎಂಬುದೂ ಇತಿಹಾಸವೇ. ಕಾಲದ ಸದ್ವಿನಿಯೋಗದ ಬಗೆಗೆ ಇಂದು ಉಪದೇಶಗಳು ಹೇರಳವಾಗಿವೆ. ಆ ಉಪದೇಶಗಳಿಗಿಂತ ಹಳೆಯದಾದ ಪಾಠವೊಂದು ಈ ಮೂರೂರ ಮಣ್ಣಿನಲ್ಲಿ ಅಡಗಿದೆ. ಅದನ್ನು ಅವಲೋಕಿಸುವುದೇ ಈ ಲೇಖನದ ಉದ್ದೇಶ.

ಮಲಪ್ರಭೆಯ ದಕ್ಷಿಣಕ್ಕೆ ಹಬ್ಬಿರುವ ಈ ಪ್ರದೇಶದ ಬಹುಭಾಗ ಎರೆಭೂಮಿ. ವರ್ಷದ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ, ಅದೂ ನಂಬುವಂತಹದಲ್ಲ. ಎರೆಮಣ್ಣಿನ ಸ್ವಭಾವ ವಿಚಿತ್ರವಾದುದು. ಹಸಿ ಹೆಚ್ಚಾದರೆ ಅದು ಕೂರಿಗೆಗೆ ಮೆತ್ತಿಕೊಂಡು ಎತ್ತುಗಳನ್ನು ಮುಂದಕ್ಕೆ ಹೋಗಗೊಡದು. ಒಣಗಿದರೆ ಕಲ್ಲಿನಂತಾಗಿ ಬಿರುಕು ಬಿಡುವುದು. ಇವೆರಡರ ನಡುವೆ ಕೆಲವೇ ದಿನಗಳ ಕಾಲ ಭೂಮಿಯು ಬೀಜವನ್ನು ಸ್ವೀಕರಿಸಲು ಸಿದ್ಧವಾಗಿರುತ್ತದೆ. ಇದನ್ನೇ ನಮ್ಮ ರೈತರು ‘ಹದ’ ಎಂದು ಕರೆದರು. ಉತ್ತರಿ, ಹಸ್ತ, ಚಿತ್ತಿ ಮಳೆಗಳ ಹದ ಹಿಡಿದು ಹಿಂಗಾರಿ ಜೋಳ, ಕಡಲೆಗಳನ್ನು ಬಿತ್ತಿದವನಿಗೆ ಮುಂದೆ ಮಳೆ ಬಾರದಿದ್ದರೂ ಭೂಮಿಯೊಳಗಿನ ತೇವವೂ ಚಳಿಗಾಲದ ಇಬ್ಬನಿಯೂ ಪೈರನ್ನು ಕಾಯುತ್ತವೆ. ಹದ ತಪ್ಪಿಸಿಕೊಂಡವನು ಮರುದಿನದಿಂದ ಹಗಲಿರುಳು ದುಡಿದರೂ ಆ ವರ್ಷದ ಬೆಳೆಯನ್ನು ಮರಳಿ ಪಡೆಯಲಾರನು.

ಕಾಲವೆಂಬುದು ಗಂಟೆ ನಿಮಿಷಗಳ ಮೊತ್ತ ಮಾತ್ರವಲ್ಲವೆಂಬುದನ್ನು ಈ ರೈತನು ಶಾಲೆಗೆ ಹೋಗದೆಯೇ ಅರಿತಿದ್ದನು. ಆದರೆ ಹದವೆಂದರೆ ಸುಮ್ಮನೆ ಕಾದು ಕುಳಿತುಕೊಳ್ಳುವ ಸೋಮಾರಿತನವೂ ಅಲ್ಲ. ಬೇಸಗೆಯಲ್ಲಿಯೇ ಒಡ್ಡು ಸರಿಪಡಿಸಿ, ಮಳೆಗಾಲದುದ್ದಕ್ಕೂ ಕುಂಟೆ ಹೊಡೆದು ಕಸ ತೆಗೆದು, ಎತ್ತುಗಳನ್ನು ಸಾಕಿ, ಬೀಜವನ್ನು ಆರಿಸಿಟ್ಟುಕೊಂಡವನಿಗೆ ಮಾತ್ರ ಹದ ಒದಗುತ್ತದೆ. ಸುಗ್ಗಿಯಾದ ಮೇಲೆ ಜೋಳವನ್ನು ಹಗೇವಿನಲ್ಲಿ ಹೂಳಿಡುತ್ತಿದ್ದ ಪದ್ಧತಿಯೂ ಇದೇ ವಿವೇಕದ ಫಲ. 1876-78ರ ಘೋರ ಕ್ಷಾಮದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ತತ್ತರಿಸಿದುದನ್ನು ಕಂಡ ಜನರಿಗೆ, ಒಳ್ಳೆಯ ವರ್ಷದಲ್ಲಿ ಕೆಟ್ಟ ವರ್ಷವನ್ನು ನೆನೆಯಬೇಕೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

12ನೆಯ ಶತಮಾನದ ಶರಣರು ಕಾಯಕತತ್ತ್ವವನ್ನು ಬೋಧಿಸಿದಾಗ ಅದು ಜನರ ಹೃದಯವನ್ನು ಬೇಗನೆ ಮುಟ್ಟಿದುದಕ್ಕೆ ಇಂತಹ ದುಡಿಯುವ ಬದುಕಿನ ಅನುಭವವೇ ಕಾರಣವಾಗಿರಬೇಕು. ಕಾಯಕವೆಂದರೆ ಬರಿಯ ದುಡಿಮೆಯಲ್ಲ. ಅದಕ್ಕೆ ಸತ್ಯಶುದ್ಧತೆ ಬೇಕು, ದಾಸೋಹ ಬೇಕು, ಮಿತಿಯೂ ಬೇಕು. ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋಗಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಕೈಗೆತ್ತಿಕೊಂಡ ಕಾಯಕವನ್ನು ಪೂಜೆಗಾಗಿಯೂ ನಡುವೆ ಬಿಡಲಾಗದೆಂದು ಸಾರಿದವನು ಮಾರಯ್ಯ. ಅಂತಹ ನಿಷ್ಠಾವಂತನೇ ಒಂದು ದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಮನೆಗೆ ತಂದನಂತೆ. ಲಕ್ಕಮ್ಮನು ಅದನ್ನು ಒಪ್ಪಲಿಲ್ಲ; ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಹೇಳಿದಳು. ಆತ್ಮೋನ್ನತಿಯೆಂಬುದು ಮನೆಯೊಳಗೆ, ಅಡಿಗೆಯ ಒಲೆಯ ಮುಂದೆ, ಪತ್ನಿಯ ಒಂದು ಮಾತಿನಿಂದ ಆರಂಭವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವುಂಟೆ? ದುಡಿಯುವುದನ್ನು ಕಲಿತವನು ಎಲ್ಲಿ ನಿಲ್ಲಬೇಕೆಂಬುದನ್ನೂ ಕಲಿಯಬೇಕು ಎಂಬುದೇ ಲಕ್ಕಮ್ಮನ ಬೋಧೆ.

ಹೊಲದಿಂದ ಮಗ್ಗಕ್ಕೆ ಬರೋಣ. ಗಜೇಂದ್ರಗಡವು ನೇಕಾರರ ಊರು. ಹತ್ತಿ ನೂಲಿನ ಪಟ್ಟೇದ ಅಂಚಿನ ಸೀರೆಗೆ ಅದು ಹೆಸರಾದುದು. ಕುಣಿಮಗ್ಗದಲ್ಲಿ ಕುಳಿತು ಲಾಳಿ ಎಸೆಯುವವನು ಒಬ್ಬನೇ ಆದರೂ ಸೀರೆಯನ್ನು ನೇಯುವುದು ಇಡೀ ಮನೆತನ. ನೂಲನ್ನು ಬಿಡಿಸುವವರು, ಕಂಡಿಕೆ ಸುತ್ತುವವರು, ಹಾಸಿಗೆ ಗಂಜಿ ಕೊಡುವವರು, ಕಡಿದ ಎಳೆಗಳನ್ನು ಕೂಡಿಸುವವರು ಬಹುಮಟ್ಟಿಗೆ ಮನೆಯ ಹೆಂಗಸರು, ಮುದುಕರು, ಮಕ್ಕಳು. ರೊಟ್ಟಿ ಬಡಿದು, ನೀರು ತಂದು, ಮಕ್ಕಳನ್ನು ಮಲಗಿಸಿ ಉಳಿದ ವೇಳೆಯಲ್ಲಿ ಕಂಡಿಕೆ ಸುತ್ತಿದ ತಾಯಿಯ ದುಡಿಮೆಗೆ ಯಾವ ಸಾವುಕಾರನ ಕೀರ್ದಿಯಲ್ಲಿಯೂ ಪ್ರತ್ಯೇಕ ಕಲಮು ಇರುತ್ತಿರಲಿಲ್ಲ. ಕೂಲಿಯನ್ನು ಸೀರೆಗೆ ಇಷ್ಟೆಂದು ಗೊತ್ತುಪಡಿಸಿ ನೇಯ್ದವನ ಹೆಸರಿಗೆ ಬರೆಯಲಾಗುತ್ತಿತ್ತು. ಮನೆಯಲ್ಲಿ ಒಬ್ಬನ ಕಾಲವು ಸಾರ್ಥಕವಾಗುವುದು ಇನ್ನೊಬ್ಬರ ಕಾಲವನ್ನು ಸದ್ದಿಲ್ಲದೆ ನುಂಗಿಯೋ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ಸತಿಪತಿಗಳ ಕಾಯಕವನ್ನು ಸಮಾನವೆಂದು ಕಂಡ ಶರಣಧರ್ಮದಲ್ಲಿ ಈ ಪ್ರಶ್ನೆಯನ್ನು ಬದಿಗೊತ್ತಲು ಅವಕಾಶವಿಲ್ಲ. ಹಾಸು ಎಷ್ಟೇ ಗಟ್ಟಿಯಾಗಿದ್ದರೂ ಹೊಕ್ಕಿಲ್ಲದೆ ಬಟ್ಟೆಯಾಗದು.

ಹೀಗೆ ಹದದಿಂದಲೂ ಸೂರ್ಯನ ನೆರಳಿನಿಂದಲೂ ವೇಳೆಯನ್ನು ಅರಿಯುತ್ತಿದ್ದ ಈ ಸೀಮೆಗೆ ಗಡಿಯಾರದ ಕಾಲವು ಬಂದುದು ರೈಲಿನೊಡನೆ. ಗದಗದಿಂದ ಹೊಟಗಿಗೆ ಹೋಗುವ ರೈಲುಮಾರ್ಗವು 1884ರಲ್ಲಿ ತೆರೆಯಿತು. ರೋಣ ತಾಲೂಕಿನ ಹೊಳೆಆಲೂರು ಆ ಮಾರ್ಗದ ಒಂದು ನಿಲ್ದಾಣ. ಆಗಿನ ರೈಲುಗಳು ಮದರಾಸಿನ ವೇಳೆಯಂತೆ ಓಡುತ್ತಿದ್ದವು. ಭಾರತಕ್ಕೆಲ್ಲ ಒಂದೇ ಪ್ರಮಾಣಕಾಲವು ಜಾರಿಗೆ ಬಂದುದು 1906ರ ಜನವರಿ 1ರಿಂದ. ಮಳೆಗಾಗಿ ಕಾಯುತ್ತಿದ್ದ ರೈತನು ರೈಲಿಗಾಗಿ ಕಾಯುವುದನ್ನೂ ಕಲಿಯಬೇಕಾಯಿತು. ಎರೆಭೂಮಿಯ ಹತ್ತಿಯು ದೂರದ ಪೇಟೆಗಳನ್ನು ಸೇರಿತು, ಧಾರಣೆಯು ದೂರದಲ್ಲಿ ನಿರ್ಧಾರವಾಗತೊಡಗಿತು. ಗಡಿಯಾರವು ಶಿಸ್ತನ್ನು ತಂದಿತು. ಅದರೊಡನೆ ಅವಸರವನ್ನೂ ತಂದಿತು. ಇವೆರಡರ ವ್ಯತ್ಯಾಸವನ್ನು ಅರಿಯದೆ ಇಂದಿಗೂ ನಾವು ತೊಳಲುತ್ತಿದ್ದೇವೆ.

ಬಡವನ ಕಾಲವನ್ನು ಕಸಿಯುವ ಇನ್ನೊಂದು ಶಕ್ತಿ ಸಾಲ. ಸಾಲಗಾರನು ಮಲಗಿದರೂ ಬಡ್ಡಿಯು ಮಲಗುವುದಿಲ್ಲ. ಬಿತ್ತುವ ಮೊದಲೇ ಬೆಳೆಯನ್ನು ಒತ್ತೆಯಿಟ್ಟವನಿಗೆ ಮುಂಬರುವ ವರ್ಷವೂ ತನ್ನದಾಗಿ ಉಳಿಯುವುದಿಲ್ಲ. ಈ ಬಂಧನವನ್ನು ಕಡಿಯುವ ದಾರಿಯೊಂದನ್ನು ತೋರಿಸಿದುದು ನೆರೆಯ ಗದಗ ತಾಲೂಕಿನ ಕಣಗಿನಹಾಳ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಅಲ್ಲಿ ಸ್ಥಾಪಿತವಾದ ಸಂಘವು ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಖ್ಯಾತವಾಗಿದೆ. ಸಹಕಾರದ ಗುಟ್ಟು ಬಹಳ ಸರಳವಾದುದು: ಸ್ವಲ್ಪ ಸ್ವಲ್ಪವಾಗಿ ಕೂಡಿಸುವುದು, ಹೇಳಿದ ದಿನಕ್ಕೆ ಮರಳಿಸುವುದು. ಒಬ್ಬನು ವಾಯಿದೆಗೆ ಸರಿಯಾಗಿ ಹಣ ಮರಳಿಸಿದರೆ ಇನ್ನೊಬ್ಬನಿಗೆ ಬಿತ್ತನೆಯ ವೇಳೆಗೆ ಬೀಜ ದೊರೆಯುತ್ತದೆ. ವೇಳೆಯನ್ನು ಪಾಲಿಸುವುದು ಇಲ್ಲಿ ಕೇವಲ ವೈಯಕ್ತಿಕ ಸದ್ಗುಣವಾಗಿರದೆ ನೆರೆಯವನ ಹದವನ್ನು ಕಾಯುವ ದಾಸೋಹವಾಗುತ್ತದೆ.

ರೋಣದ ಇನ್ನೊಂದು ಕೊಡುಗೆಯನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾಗದು. 1922ರ ಫೆಬ್ರುವರಿ 4ರಂದು ಆ ಊರಿನಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರು ಹನ್ನೊಂದರ ಹರೆಯದಲ್ಲಿಯೇ ಗುರುವನ್ನು ಅರಸಿ ಮನೆಬಿಟ್ಟು, ಊರೂರು ಅಲೆದು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯರಾದರು. ಗುರುಗಳ ಮನೆಯ ನೀರು ಹೊರುವುದರಿಂದ ಮೊದಲುಗೊಂಡು ಎಲ್ಲ ಸೇವೆಯನ್ನೂ ಮಾಡಿದರು. ಅಲ್ಲಿ ಅವರ ಶಿಕ್ಷಣವು ಬಹುಕಾಲ ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರೇ ರಾಗಗಳ ಸುತ್ತ ನಡೆಯಿತು. ಮುಂಜಾನೆಗೆ ತೋಡಿ, ಇಳಿಹೊತ್ತಿಗೆ ಮುಲ್ತಾನಿ, ಸಂಜೆಗೆ ಪೂರಿಯಾ. ನೂರು ರಾಗಗಳನ್ನು ಬೇಗ ಬೇಗನೆ ಕಲಿಯುವ ಆತುರವಿದ್ದಿದ್ದರೆ ಅಂತಹ ಗಾನವು ಸಿದ್ಧಿಸುತ್ತಿತ್ತೆ? 2008ರಲ್ಲಿ ಅವರಿಗೆ ಭಾರತರತ್ನವು ಘೋಷಿತವಾದಾಗ ನಾಡೆಲ್ಲ ಹಿಗ್ಗಿತು. ಆ ಗೌರವದ ಬುಡದಲ್ಲಿದ್ದುದು ಮೂರು ರಾಗಗಳನ್ನು ಅವುಗಳ ಹೊತ್ತಿನಲ್ಲಿ ಮತ್ತೆ ಮತ್ತೆ ಉತ್ತು ಹದಮಾಡಿದ ವರ್ಷಗಳು. ಒಕ್ಕಲುತನದ ನೀತಿಯೇ ಸಂಗೀತದ ನೀತಿಯೂ ಆದುದನ್ನು ಇಲ್ಲಿ ಕಾಣಬಹುದು.

ಇಷ್ಟಾದರೂ ವ್ಯಕ್ತಿಯ ಪ್ರಯತ್ನವೊಂದರಿಂದಲೇ ಎಲ್ಲವೂ ನೆರವೇರುವುದೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. 1970ರ ದಶಕದಲ್ಲಿ ನವಿಲುತೀರ್ಥದ ಜಲಾಶಯದಿಂದ ಮಲಪ್ರಭೆಯ ಕಾಲುವೆಗಳು ನರಗುಂದದ ಎರೆಭೂಮಿಗೆ ಬಂದವು. ಕಾಲುವೆ ಬಂದರೂ ಅನೇಕರ ಹೊಲಗಳಿಗೆ ನೀರು ಬರಲಿಲ್ಲ. ಬಂದಲ್ಲಿಯೂ ಬೇಕಾದ ವೇಳೆಗೆ ಬರಲಿಲ್ಲ. ಆದರೆ ಭೂಮಿ ಸುಧಾರಿಸಿತೆಂಬ ಲೆಕ್ಕದ ಮೇಲೆ ಸುಧಾರಣಾ ಕರದ ಬೇಡಿಕೆ ಮಾತ್ರ ತಪ್ಪದೆ ಬಂದಿತು. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಸಹನೆ ಮೀರಿತು. ಗೋಲೀಬಾರಿನಲ್ಲಿ ರೈತನು ಬಲಿಯಾದನು. ಪೊಲೀಸರೂ ಹಿಂಸೆಗೆ ತುತ್ತಾದರು. ಆ ದಿನವನ್ನು ರೈತರು ಇಂದಿಗೂ ಹುತಾತ್ಮರ ದಿನವಾಗಿ ಸ್ಮರಿಸುತ್ತಾರೆ. ಹಿಂಸೆಯನ್ನು ಧರ್ಮವು ಎಂದಿಗೂ ಸಮರ್ಥಿಸಲಾರದು. ಆದರೆ ಆ ದುರಂತದ ಮೂಲದಲ್ಲಿದ್ದ ಸತ್ಯವನ್ನು ಮರೆಯಲಾಗದು: ಹದಕ್ಕೆ ಒದಗದ ನೀರು ನೀರಲ್ಲ. ಕಚೇರಿಯಲ್ಲಿ ಒಂದು ಕಾಗದವು ತಿಂಗಳುಗಟ್ಟಲೆ ಮಲಗಿದರೆ ಅತ್ತ ಒಬ್ಬ ರೈತನ ಇಡೀ ವರ್ಷ ಹಾಳಾಗುತ್ತದೆ. ತನ್ನ ಮೇಜಿನ ಮೇಲಿನ ಕೆಲಸವನ್ನು ಅಂದೇ ಮುಗಿಸುವ ನೌಕರನು ತನಗೆ ಕಾಣದ ಯಾವನೋ ಒಬ್ಬನ ಹೊಲಕ್ಕೆ ನೀರು ಹಾಯಿಸುತ್ತಾನೆ. ಉದ್ಯೋಗದಲ್ಲಿ ಆತ್ಮೋನ್ನತಿ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಅರ್ಥವಿರಲಾರದು.

ಇಂದು ಎರೆಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಮಗ್ಗಕ್ಕೆ ವಿದ್ಯುತ್ತು ಬಂದಿದೆ, ಎಲ್ಲರ ಕೈಯಲ್ಲಿಯೂ ಮೊಬೈಲು ಇದೆ. ಎಂಟು ದಿನದ ಕೆಲಸವು ಒಂದು ದಿನದಲ್ಲಿ ಮುಗಿಯುವಂತಾಗಿದ್ದರೂ ‘ವೇಳೆಯೇ ಇಲ್ಲ’ ಎಂಬ ಮಾತು ಮಾತ್ರ ಹೆಚ್ಚುತ್ತಿರುವುದು ಆಶ್ಚರ್ಯಕರವಲ್ಲವೆ? ಉಳಿದ ಏಳು ದಿನಗಳು ಎಲ್ಲಿಗೆ ಹೋದವು ಎಂದು ಪ್ರತಿಯೊಬ್ಬರೂ ತಮ್ಮನ್ನು ತಾವು ಕೇಳಿಕೊಳ್ಳಬೇಕು. ಮಕ್ಕಳ ಮನಸ್ಸಿಗೂ ಒಂದು ಹದವುಂಟು. ಕಥೆ ಕೇಳುವ, ಅಕ್ಷರ ತಿದ್ದುವ, ಒಳ್ಳೆಯ ನಡೆ ಕಲಿಯುವ ಆ ಹದವನ್ನು ಕಳೆದುಕೊಂಡ ತಂದೆತಾಯಿಗಳು ಮುಂದೆ ಎಷ್ಟು ಹಣ ಸುರಿದರೂ ಅದು ಒಣಗಿದ ಎರೆಯಲ್ಲಿ ಬೀಜ ಚೆಲ್ಲಿದಂತೆಯೇ ಸರಿ. ವೃದ್ಧರ ಸೇವೆಗೂ ಒಂದು ಹದವುಂಟು. ಅದು ಅವರು ಕಣ್ಣೆದುರಿಗೆ ಇರುವಷ್ಟು ದಿನ ಮಾತ್ರ. ಮನೆಯ ಗೃಹಿಣಿಯ ಕೈಯಿಂದ ದಿನಕ್ಕೊಂದು ಕೆಲಸವನ್ನಾದರೂ ತಾನು ತೆಗೆದುಕೊಂಡ ಪುರುಷನು ಆಕೆಗೆ ಓದುವ, ಪೂಜಿಸುವ, ವಿಶ್ರಮಿಸುವ ಒಂದು ಗಳಿಗೆಯನ್ನು ಕೊಟ್ಟಂತಾಗುತ್ತದೆ. ಆ ಗಳಿಗೆಯೂ ದಾಸೋಹವೇ.

ಬೆಳಗಿನ ಇಷ್ಟಲಿಂಗಪೂಜೆಯ ಕೆಲವು ನಿಮಿಷಗಳಲ್ಲಿ ಕಳೆದ ದಿನವನ್ನು ಪರಾಮರ್ಶಿಸಿ ಬರುವ ದಿನವನ್ನು ಸಂಕಲ್ಪಿಸಿಕೊಳ್ಳುವುದನ್ನು ನಾವೆಲ್ಲರೂ ರೂಢಿಸಿಕೊಳ್ಳೋಣ. ಇಂದು ಯಾವುದಕ್ಕೆ ಹದ ಬಂದಿದೆ, ಯಾವುದನ್ನು ನಾಳೆಗೆ ಬಿಟ್ಟರೆ ಕೆಡುತ್ತದೆ, ಯಾರ ಹದವು ನನ್ನ ಕೈಯಲ್ಲಿದೆ ಎಂಬ ಮೂರು ಪ್ರಶ್ನೆಗಳು ಅದಕ್ಕೆ ಸಾಕು. ಇವುಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿ ದಿನದ ಕಾಯಕಕ್ಕೆ ತೊಡಗುವವನ ಹೊಲವೂ ಮಗ್ಗವೂ ಮನೆಯೂ ಹಸನಾಗುವುವು.