ಮನೆತನದ ಛಾಯಾಚಿತ್ರಗಳೂ ಇತಿಹಾಸದ ಸಾಕ್ಷ್ಯವೂ: ವಿವಾನ್ ಸುಂದರಂ ಅವರ ಕೃತಿಗಳನ್ನು ಕುರಿತು

ತಮ್ಮ ಮನೆತನದ ಹಿಂದಿನ ಸಂಗತಿಗಳನ್ನು ಅರಸಹೊರಟವರು ಸಾಮಾನ್ಯವಾಗಿ ವಂಶಾವಳಿಯನ್ನೋ ಚರಿತ್ರೆಯನ್ನೋ ಬರೆಯುವುದುಂಟು. ದೊರೆತ ಸಾಮಗ್ರಿಯನ್ನೇ ಕತ್ತರಿಸಿ ಕೂಡಿಸಿ ಕಲಾಕೃತಿಯನ್ನಾಗಿ ಮಾಡಿದವರು ವಿರಳ. ಅಂಥವರಲ್ಲಿ ಒಬ್ಬರಾದ ವಿವಾನ್ ಸುಂದರಂ (1943–2023) ಇತಿಹಾಸದ ವಿದ್ಯಾರ್ಥಿಗೆ ತೊಡಕಿನ ಪ್ರಶ್ನೆಯೊಂದನ್ನು ಒಡ್ಡಿದ್ದಾರೆ.

ಸುಂದರಂ ಅವರ ತಾಯಿ ಇಂದಿರಾ. ಇಂದಿರಾ ಅವರ ಅಕ್ಕ ಪ್ರಸಿದ್ಧ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್. 1913ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಜನಿಸಿದ ಅಮೃತಾ 1941ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ತೀರಿಕೊಂಡರು. ಆಗ ಅವರಿಗೆ 28 ವರ್ಷ. ಸುಂದರಂ ಹುಟ್ಟಿದುದು ಅದಾದ ಮೇಲೆ. ಆದುದರಿಂದ ದೊಡ್ಡಮ್ಮನನ್ನು ಅವರು ಅರಿತುದು ಮನೆಯವರ ಮಾತು, ಕಾಗದಪತ್ರ, ಚಿತ್ರಗಳ ಮೂಲಕವೇ. ಆ ಛಾಯಾಚಿತ್ರಗಳಾದರೋ ಅಸಾಮಾನ್ಯವಾದುವು. ತಾತ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954) ಸಂಸ್ಕೃತ, ಪಾರಸಿಗಳನ್ನು ಬಲ್ಲ ವಿದ್ವಾಂಸರು. ಅವರ ಪತ್ನಿ ಮರಿ ಆಂಟ್ವಾನೆಟ್ ಹಂಗೇರಿಯ ಗಾಯಕಿ. ಬುಡಾಪೆಸ್ಟ್, ಶಿಮ್ಲಾ, ಪ್ಯಾರಿಸ್, ಹೀಗೆ ಸಂಸಾರ ನೆಲೆಸಿದೆಡೆಯಲ್ಲೆಲ್ಲ ಅವರು ಹೆಂಡತಿ ಮಕ್ಕಳ ಚಿತ್ರಗಳನ್ನೂ ತಮ್ಮ ಚಿತ್ರಗಳನ್ನೂ ತೆಗೆಯುತ್ತಲೇ ಇದ್ದರು.

ಸುಂದರಂ 1983–84ರಲ್ಲಿ ಈ ಕುಟುಂಬವನ್ನು ತೈಲವರ್ಣದಲ್ಲಿ ಚಿತ್ರಿಸಿದರು. 1995ರ ‘ಶೇರ್‌ಗಿಲ್ ಆರ್ಕೈವ್’ ಎಂಬ ಕೃತಿಯಲ್ಲಿ ಛಾಯಾಚಿತ್ರಗಳನ್ನೂ ಪೆಟ್ಟಿಗೆಗಳನ್ನೂ ಕೂಡಿಸಿದರು. 2001–02ರ ‘ರೀಟೇಕ್ ಆಫ್ ಅಮೃತಾ’ ಮಾಲೆಯಲ್ಲಿ ಇನ್ನೂ ಮುಂದೆ ಹೋಗಿ, ತಾತ ತೆಗೆದ ಚಿತ್ರಗಳನ್ನೂ ಅಮೃತಾರ ವರ್ಣಚಿತ್ರಗಳನ್ನೂ ಗಣಕಯಂತ್ರದಲ್ಲಿ ಹೆಣೆದರು. ಬೇರೆ ಬೇರೆ ವರ್ಷಗಳ, ಬೇರೆ ಬೇರೆ ಊರುಗಳ ಮುಖಗಳು ಇಲ್ಲಿ ಒಂದೇ ಚೌಕಟ್ಟಿನಲ್ಲಿ ಕಲೆಯುತ್ತವೆ. ಎಂದೂ ನಡೆಯದ ಭೇಟಿ ನಡೆದಂತೆಯೇ ತೋರುತ್ತದೆ.

ಇದನ್ನು ಸಾಕ್ಷ್ಯವೆನ್ನಬಹುದೆ? ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಕೂಟಶಾಸನವು ತಾನು ಹೇಳಿಕೊಳ್ಳುವ ಕಾಲಕ್ಕೆ ಸಾಕ್ಷಿಯಾಗದಿದ್ದರೂ ಅದನ್ನು ಬರೆಸಿದವರ ಕಾಲಕ್ಕೆ ಸಾಕ್ಷಿಯಾಗುತ್ತದೆ. ಸುಂದರಂ ಅವರ ಚಿತ್ರಗಳಿಗೂ ಈ ನ್ಯಾಯ ಸಲ್ಲುತ್ತದೆ. ಅವು ಉಮ್ರಾವ್ ಸಿಂಗರ ಮನೆಗಿಂತ ಹೆಚ್ಚಾಗಿ ಮೊಮ್ಮಗನ ಮನಸ್ಸನ್ನು ತಿಳಿಸುತ್ತವೆ. ಆದರೆ ಕೂಟಶಾಸನ ಬರೆದವನು ತನ್ನ ಕೈಯನ್ನು ಮರೆಸಿದನು. ಸುಂದರಂ ತಮ್ಮ ಹೆಸರನ್ನೂ ವರ್ಷವನ್ನೂ ಕೊಟ್ಟರು. ಸಾಕ್ಷ್ಯದ ಶಿಸ್ತು ಅವರಿಗೆ ತಿಳಿಯದುದೇನೂ ಅಲ್ಲ: ಅಮೃತಾರ ಪತ್ರಗಳನ್ನೂ ಬರಹಗಳನ್ನೂ ಟಿಪ್ಪಣಿಗಳೊಡನೆ ಸಂಪಾದಿಸಿ 2010ರಲ್ಲಿ ಎರಡು ಸಂಪುಟಗಳಾಗಿ ಹೊರತಂದವರೂ ಅವರೇ. ಮೂಲಚಿತ್ರಗಳೂ ನಿರ್ವ್ಯಾಜವೆನ್ನುವಂತಿಲ್ಲ, ಉಮ್ರಾವ್ ಸಿಂಗರು ಉಡುಪು, ಭಂಗಿ, ಬೆಳಕುಗಳನ್ನು ಯೋಚಿಸಿಯೇ ಕ್ಯಾಮೆರಾದ ಮುಂದೆ ಕುಳಿತವರು.

ಅಪಾಯವಿರುವುದು ಬೇರೆಡೆ. ಮೂಲವೂ ಜೋಡಣೆಯೂ ಕಪ್ಪುಬಿಳುಪಿನವೇ ಆದುದರಿಂದ, ಶೀರ್ಷಿಕೆ ಕಳಚಿದ ಪ್ರತಿಯೊಂದು ಪುಸ್ತಕದಿಂದ ಪುಸ್ತಕಕ್ಕೆ ಹೋದಾಗ 2001ರ ಚಿತ್ರ 1930ರ ದಶಕದ್ದೆಂದು ಅಚ್ಚಾಗುವುದು ಸುಲಭ. ಇಂಥ ಚಿತ್ರವನ್ನು ಬಳಸುವವರು ಮೂಲದ ವರ್ಷವನ್ನೂ ಜೋಡಣೆಯ ವರ್ಷವನ್ನೂ, ತಾತನ ಹೆಸರನ್ನೂ ಮೊಮ್ಮಗನ ಹೆಸರನ್ನೂ ಅದರ ಕೆಳಗೆ ಒಟ್ಟಿಗೆ ನಮೂದಿಸತಕ್ಕದ್ದು.