ಮುಟ್ಟು ನಿಲ್ಲುವ ಕಾಲದ ಬಿಸಿಯಲೆ: ಗುರುತಿಸುವ ಬಗೆ

ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಬರುವ ಬಿಸಿಯಲೆ, ಅಂದರೆ ಹಾಟ್ ಫ್ಲಶ್, ಎಂದೊಡನೆ ಪಠ್ಯಪುಸ್ತಕಗಳು ಕೆಂಪೇರಿದ ಮುಖವನ್ನು ಮುಂದಿಡುತ್ತವೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಅನೇಕ ವೇಳೆ ಕಣ್ಣಿಗೆ ಬೀಳುವುದೇ ಇಲ್ಲ. ಬೆವರನ್ನಷ್ಟೇ ನಂಬಿದರೂ ಸಾಲದು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಬೆವರದವರು ಯಾರಿದ್ದಾರೆ? "ಒಳಗಿಂದ ಝಳ ಬಂದಂಗಾಗ್ತದ್ರೀ" ಎಂದು ಹೆಂಗಸು ಹೇಳಿಕೊಂಡದ್ದು "ಉಷ್ಣ ಆಗಿದೆ, ಮಜ್ಜಿಗೆ ಕುಡೀರಿ" ಎಂಬ ಮಾತಿಗೆ ಮುಗಿದುಹೋಗುತ್ತದೆ. ಬಿಸಿಯಲೆಯನ್ನು ಅದು ಏರಿ ಇಳಿಯುವ ಕ್ರಮದಿಂದ ಗುರುತಿಸಬೇಕು ಎಂಬುದು ಈ ಲೇಖನದ ವಾದ.

ಆ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಎದೆಯಲ್ಲೋ ಮುಖದಲ್ಲೋ ಥಟ್ಟನೆ ಬಿಸಿ ಹುಟ್ಟಿ ಕುತ್ತಿಗೆ, ನೆತ್ತಿಗೆ ಹಬ್ಬುತ್ತದೆ. ಎದೆ ಡವಡವ ಎನ್ನಬಹುದು. ಮೇಲ್ತುಟಿ, ಕೂದಲ ಬುಡ, ಕತ್ತಿನ ಹಿಂಭಾಗ ಒದ್ದೆಯಾಗಿ ರವಿಕೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಒಂದರಿಂದ ಐದು ನಿಮಿಷದೊಳಗೆ ಎಲ್ಲ ಇಳಿದು ಹಲವರಿಗೆ ಚಳಿ ಹತ್ತುತ್ತದೆ. ರಾತ್ರಿ ಹೊದಿಕೆ ಕಿತ್ತೆಸೆದವಳು ಸ್ವಲ್ಪ ಹೊತ್ತಿಗೇ ಅದನ್ನು ಮತ್ತೆ ಎಳೆದುಕೊಳ್ಳುತ್ತಾಳೆ. ಬೇಸಿಗೆಯ ಸೆಕೆಗೆ ಈ ಹಠಾತ್ ಆರಂಭವೂ ಇಲ್ಲ, ಹಿಂಬಾಲಿಸುವ ಚಳಿಯೂ ಇಲ್ಲ.

ಚಳಿ ಏಕೆ ಎಂಬುದಕ್ಕೆ ಅಮೆರಿಕದ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಫ್ರೀಡ್‌ಮನ್ ಅವರ ಪ್ರಯೋಗಗಳು ಬೆಳಕು ಚೆಲ್ಲಿವೆ. ದೇಹದ ಒಳತಾಪ ಒಂದು ಮಿತಿ ಮೀರಿದರೆ ಬೆವರು, ಇನ್ನೊಂದು ಮಿತಿಗಿಂತ ಇಳಿದರೆ ನಡುಕ. ಬಿಸಿಯಲೆಯ ತೊಂದರೆ ಇಲ್ಲದ ಸ್ತ್ರೀಯರಲ್ಲಿ ಈ ಎರಡರ ನಡುವೆ ಸುಮಾರು 0.4 ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ, ತೊಂದರೆ ಇರುವವರಲ್ಲಿ ಅದು ಇಲ್ಲವೆನ್ನುವಷ್ಟು ಕಿರಿದಾಗಿತ್ತು. ಒಳತಾಪ ತುಸುವೇ ಏರಿದರೂ ರಕ್ತನಾಳಗಳು ಹಿಗ್ಗಿ ಬೆವರು ಒಡೆಯುತ್ತದೆ. ಹಾಗೆ ಶಾಖ ಕಳೆದುಕೊಂಡ ದೇಹ ಚಳಿಯ ಕಡೆಗೆ ಜಾರುತ್ತದೆ. ಮಿದುಳಿನ ಹೈಪೊಥಲಾಮಸ್‌ನಲ್ಲಿ ಈಸ್ಟ್ರೋಜನ್ ಹಿಡಿತ ತಪ್ಪಿದ ಕೆಲವು ನರಕೋಶಗಳು ನ್ಯೂರೋಕೈನಿನ್ ಬಿ ಎಂಬ ರಾಸಾಯನಿಕದ ಮೂಲಕ ತಾಪನಿಯಂತ್ರಣವನ್ನು ಕೆದಕುತ್ತವೆ. ಈ ದಾರಿಯನ್ನು ತಡೆಯುವ ಫೆಜೊಲಿನೆಟಂಟ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದು, ಇದು ಹೆಂಗಸರ ಕಲ್ಪನೆ ಎಂಬ ಹಳೆಯ ತಾತ್ಸಾರಕ್ಕೆ ತಕ್ಕ ಉತ್ತರ.

ಕ್ರಮ ತಿಳಿದಿದ್ದರೆ ಬೇರೆ ಕಾಯಿಲೆಗಳೂ ಎದ್ದು ಕಾಣುತ್ತವೆ. ರಾತ್ರಿ ಬೆವರಿನ ಜೊತೆ ಸಂಜೆ ಜ್ವರ, ವಾರಗಟ್ಟಲೆ ಕೆಮ್ಮು, ತೂಕ ಇಳಿತ ಇದ್ದರೆ ಮೊದಲು ಕ್ಷಯದ ತಪಾಸಣೆ ಆಗಬೇಕು. ಅದನ್ನು ವಯಸ್ಸಿನ ತಲೆಗೆ ಕಟ್ಟುವುದು ಅಪಾಯ. ಥೈರಾಯ್ಡ್ ಅತಿಯಾದವರಿಗೆ ಸೆಕೆ ದಿನವಿಡೀ ಇರುತ್ತದೆ, ಕೈ ನಡುಗುತ್ತದೆ. ಶುಗರ್‌ಗೆ ಇನ್ಸುಲಿನ್ ತೆಗೆದುಕೊಳ್ಳುವವಳಿಗೆ ಹಸಿವು, ನಡುಕದೊಂದಿಗೆ ತಣ್ಣನೆಯ ಬೆವರು ಬಂದು, ಸಕ್ಕರೆ ತಿಂದೊಡನೆ ಶಮನವಾದರೆ ಅದು ಸಕ್ಕರೆ ಅಂಶ ಕುಸಿದ ಲಕ್ಷಣ. ಬಿಪಿಯ ಅಮ್ಲೊಡಿಪಿನ್ ಮಾತ್ರೆಯೂ ಮುಖಕ್ಕೆ ಬಿಸಿ ಏರಿಸಬಲ್ಲದು.

45 ದಾಟಿದವರಲ್ಲಿ ಮುಟ್ಟು ಏರುಪೇರಾಗಿ ಈ ಲಕ್ಷಣಗಳಿದ್ದರೆ ಎಫ್‌ಎಸ್‌ಎಚ್ ಹಾರ್ಮೋನಿನ ರಕ್ತಪರೀಕ್ಷೆ ಅನಗತ್ಯ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಕಷ್ಟವಿರುವುದು ಗರ್ಭಕೋಶ ತೆಗೆಸಿಕೊಂಡವರ ವಿಷಯದಲ್ಲಿ. ನಮ್ಮ ಹಳ್ಳಿಗಳಲ್ಲಿ ನಲವತ್ತಕ್ಕೆ ಮುಂಚೆಯೇ ಈ ಆಪರೇಷನ್ ಆದವರು ಅಪರೂಪವಲ್ಲ. ಅವರಿಗೆ ಲೆಕ್ಕ ಹಿಡಿಯಲು ಮುಟ್ಟೇ ಇಲ್ಲ. ಅಂಡಾಶಯಗಳನ್ನೂ ತೆಗೆದಿದ್ದರೆ ಬಿಸಿಯಲೆ ಕೆಲವೇ ದಿನಗಳಲ್ಲಿ, ಜೋರಾಗಿಯೇ ಶುರುವಾಗಬಹುದು; ಉಳಿಸಿದ್ದರೂ ಅವು ನಿರೀಕ್ಷೆಗಿಂತ ಬೇಗ ಸೋಲಬಹುದು. ಆದ್ದರಿಂದ "ಒಳಗೆ ಝಳ" ಎನ್ನುವ ಇಂಥ ಹೆಂಗಸಿನ ಡಿಸ್ಚಾರ್ಜ್ ಚೀಟಿಯನ್ನು ತರಿಸಿ ಏನೇನು ತೆಗೆದಿದ್ದಾರೆಂದು ನೋಡಲೇಬೇಕು. ಸಣ್ಣ ವಯಸ್ಸಿಗೇ ಈಸ್ಟ್ರೋಜನ್ ನಿಂತವರಿಗೆ ಮೂಳೆ ಸವೆತ, ಹೃದ್ರೋಗದ ಅಪಾಯ ಹೆಚ್ಚು. ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಚಿಕಿತ್ಸೆ ಕೊಡುವುದು ಇಂದು ಒಪ್ಪಿತ ಪದ್ಧತಿ.